ಕೊಡಗಿನಲ್ಲಿ ಕುಳಿತು ಓಪನ್ ಸೋರ್ಸ್ ಬಳಗ ಸೇರುವುದು ಹೇಗೆ? ಯಾರ ಪರಿಚಯವೂ ಇಲ್ಲದವರಿಗೆ

ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಮಡಿಕೇರಿಯ ಮನೆಯಿಂದಲೇ ಬೆಂಗಳೂರಿನ ಕಂಪನಿಗಳಿಗೆ ದುಡಿಯುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಓಪನ್ ಸೋರ್ಸ್ ಯೋಜನೆಯೊಂದಕ್ಕೆ ಕೋಡ್ ಬರೆದು ಕಳುಹಿಸಿದೆ. ತಿಂಗಳಾದರೂ ಉತ್ತರವಿಲ್ಲ. ಅಲ್ಲಿಯೂ ಪರಿಚಯ ಬೇಕೇ?”

ಬೇಕು. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ. ಅಲ್ಲಿ ಕೋಡ್ ಒಂದನ್ನೇ ನೋಡುತ್ತಾರೆ, ಬರೆದವರನ್ನು ನೋಡುವುದಿಲ್ಲ ಎಂಬುದು ಕೇಳಲು ಹಿತವಾದ ಮಾತು, ಅಷ್ಟೇ. ಗಿಟ್‌ಹಬ್‌ನಲ್ಲಿ (ಯೋಜನೆಗಳ ಕೋಡ್ ಇಡುವ ಜಾಲತಾಣ) ಬಂದ ಕೊಡುಗೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಯೋಜನೆಯವರೊಂದಿಗೆ ಮೊದಲೇ ಒಡನಾಟವಿದ್ದವರ ಕೋಡ್ ಸ್ವೀಕೃತವಾಗುವ ಸಾಧ್ಯತೆ ಹೆಚ್ಚೆಂದು ಕಂಡುಬಂತು. ಕೊಡಗಿನಲ್ಲಿ ಹೊಸಬರನ್ನು ಕಂಡರೆ “ಯಾವ ಮನೆಯವರು?” ಎಂದು ಕೇಳುವಂತೆ ಅಲ್ಲಿಯೂ ಕೇಳುತ್ತಾರೆ. ಆದರೆ ಮನೆಹೆಸರಿನ ಜಾಗದಲ್ಲಿ ನೀವು ಹಿಂದೆ ಏನು ಮಾಡಿದ್ದೀರಿ, ಯಾರ ಮಾತಿಗೆ ಹೇಗೆ ಉತ್ತರಿಸಿದ್ದೀರಿ ಎಂಬ ದಾಖಲೆ ಇರುತ್ತದೆ. ಆ ದಾಖಲೆಯನ್ನು ಯಾರು ಬೇಕಾದರೂ, ಎಲ್ಲಿ ಕುಳಿತಾದರೂ ಕಟ್ಟಬಹುದು. ಅದನ್ನು ಕಟ್ಟುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಏನೇನು ಬೇಕು

ಒಂದು ಸಾಧಾರಣ ಲ್ಯಾಪ್‌ಟಾಪ್, ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್ ಖಾತೆ, ವಾರಕ್ಕೆ ಎರಡು ಮೂರು ಗಂಟೆ ಬಿಡುವು. ಇಂಗ್ಲಿಷ್ ಸರಳವಾಗಿದ್ದರೆ ಸಾಕು.

ಕೆಲವು ಪದಗಳು ಮೊದಲೇ ಗೊತ್ತಿರಲಿ. ಓಪನ್ ಸೋರ್ಸ್ ಎಂದರೆ ಮೂಲ ಕೋಡನ್ನು ಯಾರಾದರೂ ಓದಿ, ತಿದ್ದಿ, ಹಂಚಲು ಪರವಾನಗಿ ಕೊಟ್ಟಿರುವ ತಂತ್ರಾಂಶ. ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದನ್ನು ದಾಖಲಿಸುವ ಸಾಧನ ಗಿಟ್. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಕೆಲಸಕ್ಕಾಗಿ 2005ರಲ್ಲಿ ಅದರ ಕರ್ತೃ ಲೀನಸ್ ಟೋರ್ವಾಲ್ಡ್ಸ್ ಇದನ್ನು ಬರೆದರು. ದೋಷವನ್ನೋ ಬೇಡಿಕೆಯನ್ನೋ ತಿಳಿಸುವ ಬರಹ ಇಶ್ಯೂ. “ನನ್ನ ತಿದ್ದುಪಡಿಯನ್ನು ಸೇರಿಸಿಕೊಳ್ಳಿ” ಎಂಬ ಕೋರಿಕೆ ಪುಲ್ ರಿಕ್ವೆಸ್ಟ್. ಅದನ್ನು ಸಾಲು ಸಾಲಾಗಿ ಓದಿ ಅಭಿಪ್ರಾಯ ಹೇಳುವುದು ರಿವ್ಯೂ. ಕೊನೆಗೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮೇಂಟೇನರ್.

ಗಿಟ್‌ಹಬ್ 2008ರಲ್ಲಿ ಬಂದ ಮೇಲೆ ಕ್ರಮೇಣ ಕೋಡ್ ಇಡುವ ಜಾಗಕ್ಕೆ ಜನರನ್ನು ಹಿಂಬಾಲಿಸುವ, ಯೋಜನೆಗೆ ನಕ್ಷತ್ರ ಕೊಡುವ ಸೌಲಭ್ಯಗಳೂ ಸೇರಿಕೊಂಡವು. ಅಲ್ಲಿಂದ ಕೋಡಿನ ಜೊತೆಗೆ ಅದನ್ನು ಬರೆದವರ ಒಡನಾಟವೂ ಎಲ್ಲರಿಗೂ ಕಾಣುವಂತಾಯಿತು. ಹಿಂಬಾಲಕರ ಸಂಖ್ಯೆಯನ್ನು, ನಕ್ಷತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹಣಕ್ಕೆ ನಕ್ಷತ್ರ ಮಾರುವವರಿದ್ದಾರೆ.

ಹಂತ 1: ಕೋಡಿಗಿಂತ ಮೊದಲು ಜನರನ್ನು ನೋಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಹೆಸರುವಾಸಿಯಾದ ಯೋಜನೆಯನ್ನು ಹಿಡಿದು ಅದರ ಕೋಡ್ ಓದತೊಡಗುತ್ತಾರೆ. ಅಲ್ಲಿ ಹೊಸಬರಿಗೆ ಜಾಗವಿದೆಯೇ ಎಂದು ನೋಡುವುದಿಲ್ಲ. ಒಂದು ಸಂಜೆ ಬಿಡುವು ಮಾಡಿಕೊಂಡು ಇಷ್ಟು ಪರೀಕ್ಷಿಸಿ.

ಸ್ವೀಕೃತವಾದ ಇತ್ತೀಚಿನ ಇಪ್ಪತ್ತು ಪುಲ್ ರಿಕ್ವೆಸ್ಟ್‌ಗಳನ್ನು ತೆರೆಯಿರಿ. ಕಳುಹಿಸಿದವರಲ್ಲಿ ಎಷ್ಟು ಮಂದಿ ತಂಡದ ಹೊರಗಿನವರು? ಎಲ್ಲವೂ ಅದೇ ಮೂವರದ್ದಾಗಿದ್ದರೆ, ಆ ಮೂವರೂ ಒಂದೇ ಕಂಪನಿಯವರಾಗಿದ್ದರೆ, ಅದು ಹೆಸರಿಗೆ ಮಾತ್ರ ತೆರೆದ ಯೋಜನೆ. ಮುಂದಿನದಕ್ಕೆ ಹೋಗಿ.

ಹೊರಗಿನವರಿಗೆ ಮೊದಲ ಉತ್ತರ ಸಿಗಲು ಎಷ್ಟು ದಿನ ಹಿಡಿದಿದೆ? ಒಂದೆರಡು ವಾರವಾದರೆ ಪರವಾಗಿಲ್ಲ, ಬಹುಪಾಲು ಮಂದಿ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸ ಇದು. ಆರು ತಿಂಗಳ ಹಿಂದಿನ ಕೋರಿಕೆಗಳು ಒಂದೇ ಒಂದು ಮಾತಿಲ್ಲದೆ ಬಿದ್ದಿದ್ದರೆ ನಿಮ್ಮದೂ ಅವುಗಳ ಪಕ್ಕದಲ್ಲೇ ಬೀಳುತ್ತದೆ. ತಿರಸ್ಕರಿಸಿದವುಗಳನ್ನೂ ಓದಿ. ಕಾರಣ ವಿವರಿಸಿ ತಿರಸ್ಕರಿಸುವ ಮೇಂಟೇನರ್ ಸಿಕ್ಕರೆ ಅದೃಷ್ಟವೆಂದುಕೊಳ್ಳಿ.

ಯೋಜನೆಯ ಭಾರ ಎಷ್ಟು ಹೆಗಲ ಮೇಲಿದೆ ಎಂಬುದನ್ನೂ ಅಳೆಯಿರಿ. ಎಷ್ಟು ಮಂದಿ ಒಮ್ಮೆಗೇ ದೂರವಾದರೆ ಕೆಲಸ ನಿಂತುಹೋಗುತ್ತದೆ ಎಂಬ ಲೆಕ್ಕಕ್ಕೆ ಬಸ್ ಫ್ಯಾಕ್ಟರ್ ಎನ್ನುತ್ತಾರೆ. ಅಷ್ಟು ಮಂದಿ ಬಸ್ಸಿನಡಿ ಸಿಕ್ಕರೆ ಎಂಬ ಕಟು ಹಾಸ್ಯದಿಂದ ಬಂದ ಹೆಸರು. ಗಿಟ್‌ನ ಶಾರ್ಟ್‌ಲಾಗ್ ಆಜ್ಞೆ (git shortlog -sn) ಕೊಟ್ಟರೆ ಯಾರು ಎಷ್ಟು ತಿದ್ದುಪಡಿ ಸೇರಿಸಿದ್ದಾರೆ ಎಂಬ ಪಟ್ಟಿ ಬರುತ್ತದೆ. ಮೊದಲ ಹೆಸರಿನ ಮುಂದೆ ಸಾವಿರಗಳು, ಎರಡನೆಯದರ ಮುಂದೆ ಹತ್ತಿಪ್ಪತ್ತು ಎಂದಿದ್ದರೆ ಬಸ್ ಫ್ಯಾಕ್ಟರ್ ಒಂದು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಜಗತ್ತಿಗೆ ಗೊತ್ತಾದದ್ದೂ ಇದೇ: ಅಸಂಖ್ಯ ಜಾಲತಾಣಗಳ ಸುರಕ್ಷತೆಗೆ ಆಧಾರವಾಗಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಒಬ್ಬರೇ ನಡೆಸುವ ಯೋಜನೆಗೆ ಸೇರಬೇಡಿ ಎನ್ನುತ್ತಿಲ್ಲ. ಅಲ್ಲಿ ನಿಮ್ಮ ನೆರವಿಗೆ ಬೆಲೆ ಹೆಚ್ಚು, ಉತ್ತರ ಮಾತ್ರ ನಿಧಾನ.

ನನ್ನ ಸಲಹೆ: ಐದರಿಂದ ಇಪ್ಪತ್ತು ಮಂದಿ ಸಕ್ರಿಯರಾಗಿರುವ, ನೀವೇ ದಿನನಿತ್ಯ ಬಳಸುವ ಮಧ್ಯಮ ಗಾತ್ರದ ಯೋಜನೆಯನ್ನು ಆರಿಸಿ.

ಹಂತ 2: ಸ್ವಲ್ಪ ಕಾಲ ಸುಮ್ಮನೆ ಓದಿ

ಒಂದೆರಡು ವಾರ ಏನನ್ನೂ ಕಳುಹಿಸದೆ ಇಶ್ಯೂಗಳನ್ನು, ರಿವ್ಯೂಗಳನ್ನು ಓದಿ. ಯಾವ ಭಾಗದ ಪ್ರಶ್ನೆಗೆ ಯಾರು ಉತ್ತರಿಸುತ್ತಾರೆ? ಇಬ್ಬರ ನಡುವೆ ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ನಿಲ್ಲುತ್ತದೆ? ಹುದ್ದೆಯ ಹೆಸರೊಂದು, ನಿಜವಾದ ತೂಕವೊಂದು ಇರುವುದು ನಮ್ಮ ಕಚೇರಿಗಳಲ್ಲಿ ಮಾತ್ರವಲ್ಲ.

ದೊಡ್ಡ ಯೋಜನೆಗಳಲ್ಲಿ ಇದರ ನಕ್ಷೆ ಬರಹದಲ್ಲೇ ಇರುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಮೇಂಟೇನರ್‌ಗಳ ಹೆಸರಿನ ಒಂದು ಕಡತವಿದೆ. ಯಾವ ಭಾಗಕ್ಕೆ ಯಾರು ಹೊಣೆ, ಎಲ್ಲಿಗೆ ಕಳುಹಿಸಬೇಕು, ಆ ಭಾಗವನ್ನು ಈಗ ನೋಡಿಕೊಳ್ಳುತ್ತಿದ್ದಾರೆಯೇ ಅಥವಾ ಅದು ಅನಾಥವೇ ಎಂಬುದೆಲ್ಲ ಅದರಲ್ಲಿದೆ. ನೀವು ಬರೆದ ತಿದ್ದುಪಡಿ ನೇರವಾಗಿ ಟೋರ್ವಾಲ್ಡ್ಸ್ ಕೈಗೆ ಹೋಗುವುದಿಲ್ಲ. ಆಯಾ ಭಾಗದ ಮೇಂಟೇನರ್ ಒಪ್ಪಿ ಸಹಿ ಹಾಕಿ ಮೇಲಿನವರಿಗೆ ದಾಟಿಸುತ್ತಾರೆ, ಅವರಿಂದ ಇನ್ನೂ ಮೇಲಕ್ಕೆ. ಪ್ರತಿ ಮೆಟ್ಟಿಲಿನಲ್ಲೂ ಒಬ್ಬರು ಇನ್ನೊಬ್ಬರನ್ನು ನಂಬಿಯೇ ಕೆಲಸ ಸಾಗುತ್ತದೆ. ಲಿನಕ್ಸ್ ಆಧಾರಿತ ಡೆಬಿಯನ್ ವ್ಯವಸ್ಥೆಯನ್ನು ಕಟ್ಟುವ ಬಳಗದಲ್ಲಂತೂ ನಂಬಿಕೆಗೆ ತಾಂತ್ರಿಕ ರೂಪವೇ ಇದೆ. ಹೊಸ ಸದಸ್ಯರ ಡಿಜಿಟಲ್ ಕೀಲಿಗೆ ಈಗಾಗಲೇ ಒಳಗಿರುವವರು ಗುರುತು ಖಚಿತಪಡಿಸಿಕೊಂಡು ಸಹಿ ಹಾಕಬೇಕು.

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಹೇಳಿದ ಮಾತು ಇಲ್ಲಿ ನೆನಪಿರಲಿ: ಒಂದು ಸಂಸ್ಥೆಯೊಳಗೆ ಯಾರು ಯಾರೊಂದಿಗೆ ಮಾತನಾಡುತ್ತಾರೋ ಅದೇ ವಿನ್ಯಾಸ ಅವರು ಕಟ್ಟುವ ವ್ಯವಸ್ಥೆಯಲ್ಲೂ ಮೂಡುತ್ತದೆ. ಕೋಡಿನ ಎರಡು ಭಾಗಗಳು ಸರಿಯಾಗಿ ಹೊಂದಿಕೊಳ್ಳುತ್ತಿಲ್ಲವೆಂದರೆ ಅವನ್ನು ನೋಡಿಕೊಳ್ಳುವ ಎರಡು ಗುಂಪುಗಳ ನಡುವೆ ಮಾತುಕತೆ ಇದೆಯೇ ಎಂದು ನೋಡಿ. ಬಹಳ ಸಲ ಇರುವುದಿಲ್ಲ.

ಹಂತ 3: ಮೊದಲ ಕೊಡುಗೆ ಸಣ್ಣದಾಗಿರಲಿ, ನಿಮ್ಮದೇ ಆಗಿರಲಿ

ಅಪರಿಚಿತರು ಕಳುಹಿಸಿದ ಸಾವಿರ ಸಾಲಿನ ಕೋಡ್ ಓದಲು ಯಾರಿಗೂ ಪುರುಸೊತ್ತಿಲ್ಲ. ಹತ್ತು ಸಾಲಾದರೆ ಓದುತ್ತಾರೆ. ಕೋಡೇ ಬೇಕೆಂದೂ ಇಲ್ಲ. ಕೊಡಗಿನ ಕನ್ನಡಿಗರ ಕೈಗೆ ಸುಲಭವಾಗಿ ಸಿಗುವ ಮೂರು ದಾರಿಗಳಿವೆ.

ನಕ್ಷೆ: 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಕಟ್ಟುವ ಭೂಪಟ. ನಿಮ್ಮೂರಿನ ತೋಟದ ದಾರಿ, ಅಂಗನವಾಡಿ, ಹೊಳೆ ದಾಟುವ ಕಾಲುಸೇತುವೆ ಅದರಲ್ಲಿವೆಯೇ ಎಂದು ನೋಡಿ. ಊರಿನ ಹೆಸರಿಗೆ ಕನ್ನಡ ರೂಪ ಸೇರಿಸಲು ಪ್ರತ್ಯೇಕ ಜಾಗವಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ರಸ್ತೆಗಳು ಕಡಿದುಹೋದದ್ದನ್ನು ಕಂಡವರಿಗೆ ಒಳದಾರಿಗಳ ಸರಿಯಾದ ನಕ್ಷೆಯ ಬೆಲೆಯನ್ನು ವಿವರಿಸಬೇಕಿಲ್ಲ. ಎಚ್ಚರಿಕೆ: ಗೂಗಲ್ ನಕ್ಷೆಯಿಂದ ನಕಲು ಮಾಡಬೇಡಿ. ಅದು ಪರವಾನಗಿಯ ಉಲ್ಲಂಘನೆ, ಸಿಕ್ಕಿಬಿದ್ದರೆ ನಿಮ್ಮ ಉಳಿದ ತಿದ್ದುಪಡಿಗಳ ಮೇಲೂ ಅನುಮಾನ ಬರುತ್ತದೆ.

ಅನುವಾದ: ಫೈರ್‌ಫಾಕ್ಸ್‌ನ ಅನುವಾದ ಪಾಂಟೂನ್ ಎಂಬ ತಾಣದಲ್ಲಿ, ವಿಕಿಪೀಡಿಯದ ತಂತ್ರಾಂಶದ್ದು ಟ್ರಾನ್ಸ್‌ಲೇಟ್‌ವಿಕಿಯಲ್ಲಿ ನಡೆಯುತ್ತದೆ. ಪಾಂಟೂನ್‌ನಲ್ಲಿ ಹೊಸಬರು ಬರೆದದ್ದು ಸಲಹೆಯಾಗಿ ನಿಲ್ಲುತ್ತದೆ, ಅಧಿಕಾರವಿರುವವರು ಒಪ್ಪಿದ ಮೇಲೆಯೇ ಬಳಕೆಗೆ ಬರುತ್ತದೆ. ಆದ್ದರಿಂದ ಇನ್ನೂರು ಸಾಲು ಅನುವಾದಿಸುವ ಮೊದಲು ಹತ್ತು ಸಾಲು ಮಾಡಿ, ಭಾಷಾ ತಂಡದವರಿಗೆ ಒಂದು ಮಾತು ತಿಳಿಸಿ. ಒಪ್ಪುವವರು ಇದ್ದಾರೋ ಇಲ್ಲವೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ದೋಷ ವರದಿ: ಕನ್ನಡ ಬಳಸುವವರಿಗೆ ಮಾತ್ರ ಕಾಣುವ ದೋಷಗಳಿವೆ. “ರ‍್ಯಾಂಕ್” ಎಂದು ಟೈಪ್ ಮಾಡಿ ನೋಡಿ. ಅಕ್ಷರ ಹೀಗೆ ಮೂಡಬೇಕಾದರೆ ರ ಮತ್ತು ಅದರ ಮುಂದಿನ ಹಲಂತ ಚಿಹ್ನೆಯ (್) ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇರಬೇಕು. ತಂತ್ರಾಂಶವು ಆ ಸಂಕೇತವನ್ನು ನುಂಗಿಬಿಟ್ಟರೆ ಅದು “ರ್ಯಾಂಕ್” ಆಗಿ ಅರ್ಕಾವತ್ತು ಬಂದು ಕೂರುತ್ತದೆ. ಹುಡುಕಾಟದಲ್ಲಿ ಒಂದು ರೂಪ ಕೊಟ್ಟರೆ ಇನ್ನೊಂದು ಸಿಗದೆ ಹೋಗಬಹುದು. ಕನ್ನಡ ಬಾರದ ಮೇಂಟೇನರ್‌ಗೆ ಇದು ಎಂದೂ ಹೊಳೆಯುವುದಿಲ್ಲ, ನಿಮಗೆ ಕಣ್ಣಿಗೆ ರಾಚುತ್ತದೆ.

ಹಂತ 4: ಬರೆಯುವ ಬಗೆ

ಮೇಂಟೇನರ್‌ಗಳಿಗೆ ಹೆಚ್ಚಾಗಿ ಬರುವ ಸಂದೇಶ ಹೀಗಿರುತ್ತದೆ: “ಮಾನ್ಯ ಸರ್, ನಾನು ಅಂತಿಮ ವರ್ಷದ ವಿದ್ಯಾರ್ಥಿ. ನಿಮ್ಮ ಯೋಜನೆಗೆ ಕೊಡುಗೆ ನೀಡುವ ಆಸಕ್ತಿ ಇದೆ. ದಯವಿಟ್ಟು ಮಾರ್ಗದರ್ಶನ ನೀಡಿ.” ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಓದಿದವರಿಗೆ ಇದರಿಂದ ಹೊಸದಾಗಿ ಒಂದು ಕೆಲಸ ಅಂಟಿಕೊಂಡಿತು, ನಿಮ್ಮ ಬಗ್ಗೆ ಏನೂ ತಿಳಿಯಲಿಲ್ಲ. ಉತ್ತರ ಬರುವುದಿಲ್ಲ.

ಇದರ ಬದಲು ಹೀಗೆ ಬರೆಯಿರಿ: “ಈ ಆವೃತ್ತಿಯಲ್ಲಿ, ಈ ಫಾಂಟ್‌ನೊಂದಿಗೆ, ಕನ್ನಡದ ಈ ಪದವನ್ನು ನಕಲಿಸಿ ಅಂಟಿಸಿದಾಗ ಜೋಡಕ ಸಂಕೇತ ಕಳೆದುಹೋಗುತ್ತದೆ. ಮೂಡಬೇಕಾದ್ದು ಮತ್ತು ಮೂಡಿದ್ದು ಎರಡರ ಚಿತ್ರ ಲಗತ್ತಿಸಿದ್ದೇನೆ. ಬೇರೆ ತಂತ್ರಾಂಶದಲ್ಲಿ ಇದೇ ಪದ ಸರಿಯಾಗಿ ಬರುತ್ತದೆ. ತೊಂದರೆ ಈ ಕಡತದಲ್ಲಿ ಇರಬಹುದೆಂದು ಊಹೆ. ಸರಿಯೆನಿಸಿದರೆ ತಿದ್ದುಪಡಿ ಕಳುಹಿಸಲು ಸಿದ್ಧ.” ಇಂಗ್ಲಿಷಿನಲ್ಲಿ ಐದಾರು ವಾಕ್ಯ, ಸರ್ ಬೇಕಿಲ್ಲ. ಖಾತೆಯ ಹೆಸರಿನಿಂದಲೇ ಕರೆಯುವುದು ಅಲ್ಲಿನ ರೂಢಿ, ಅದನ್ನು ಅಗೌರವವೆಂದು ಯಾರೂ ಭಾವಿಸುವುದಿಲ್ಲ. ಎದುರಿನವರು ಪುರುಷರೆಂದು ಊಹಿಸಿ ಸರ್ ಎಂದು ಮುಜುಗರಕ್ಕೆ ಒಳಗಾದವರೂ ಇದ್ದಾರೆ.

ಇಲ್ಲಿ ನಾಲ್ಕು ಎಚ್ಚರಿಕೆಗಳು. ಖಾಸಗಿ ಸಂದೇಶ ಬೇಡ, ತೆರೆದ ಜಾಗದಲ್ಲೇ ಕೇಳಿ. ಹತ್ತು ಮಂದಿಗೆ ಕಾಣುವ ಪ್ರಶ್ನೆಗೆ ಉತ್ತರಿಸಲು ಹತ್ತು ಮಂದಿ ಇರುತ್ತಾರೆ, ನಿಮ್ಮ ಹೆಸರೂ ಹತ್ತು ಮಂದಿಗೆ ಪರಿಚಯವಾಗುತ್ತದೆ. ಭದ್ರತಾ ದೋಷ ಮಾತ್ರ ಇದಕ್ಕೆ ಹೊರತು, ಅದನ್ನು ಯೋಜನೆ ಸೂಚಿಸಿದ ಗುಪ್ತ ಮಾರ್ಗದಲ್ಲೇ ತಿಳಿಸಬೇಕು. ಎರಡನೆಯದಾಗಿ, ಉತ್ತರ ಬಾರದಿದ್ದರೆ ಎರಡು ವಾರದ ನಂತರ ಒಮ್ಮೆ ಸೌಮ್ಯವಾಗಿ ನೆನಪಿಸಿ. ದಿನಕ್ಕೊಮ್ಮೆ ಕೆದಕಬೇಡಿ. ಮೂರನೆಯದಾಗಿ, ಕೃತಕ ಬುದ್ಧಿಮತ್ತೆಯ ಸಾಧನ ಬರೆದುಕೊಟ್ಟದ್ದನ್ನು ಓದದೆ ಕಳುಹಿಸಬೇಡಿ. “ಈ ಸಾಲು ಏಕೆ?” ಎಂಬ ಪ್ರಶ್ನೆಗೆ ತಡವರಿಸಿದರೆ ಆ ದಾಖಲೆ ಅಳಿಯುವುದಿಲ್ಲ. ನಾಲ್ಕನೆಯದು ಮಳೆಗಾಲಕ್ಕೆ ಸಂಬಂಧಿಸಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ಸಿಗ್ನಲ್ ಎರಡೂ ಕೈಕೊಡುತ್ತವೆ. ಒಪ್ಪಿಕೊಂಡ ಕೆಲಸವಿದ್ದರೆ “ಕೆಲವು ದಿನ ಸಂಪರ್ಕಕ್ಕೆ ಸಿಗದಿರಬಹುದು” ಎಂದು ಮೊದಲೇ ಒಂದು ಸಾಲು ಬರೆದಿಡಿ. ಗಿಟ್ ಇಂಟರ್ನೆಟ್ ಇಲ್ಲದೆಯೂ ನಿಮ್ಮ ಯಂತ್ರದಲ್ಲೇ ಬದಲಾವಣೆ ದಾಖಲಿಸುತ್ತದೆ, ಸಂಪರ್ಕ ಬಂದಾಗ ಕಳುಹಿಸಿದರಾಯಿತು.

ಹಂತ 5: ಇತರರ ಕೆಲಸಕ್ಕೆ ಕೈಜೋಡಿಸಿ

ಇದನ್ನು ಮಾಡುವವರು ಕಡಿಮೆ, ಆದ್ದರಿಂದಲೇ ಫಲ ಹೆಚ್ಚು. ಕೋಡ್ ಬರೆಯಲು ಜನರಿದ್ದಾರೆ, ಓದಿ ಪರೀಕ್ಷಿಸಲು ಜನರಿಲ್ಲ. ಬೇರೆಯವರ ಪುಲ್ ರಿಕ್ವೆಸ್ಟನ್ನು ನಿಮ್ಮ ಯಂತ್ರಕ್ಕೆ ಇಳಿಸಿಕೊಂಡು ಓಡಿಸಿ, “ಇಂಥ ಯಂತ್ರದಲ್ಲಿ ಪರೀಕ್ಷಿಸಿದೆ, ಇದು ಸರಿಯಿದೆ, ಇದು ಕೆಲಸ ಮಾಡಲಿಲ್ಲ” ಎಂದು ಬರೆಯಿರಿ. ಹಳೆಯ ಇಶ್ಯೂಗಳಲ್ಲಿ ಯಾವುದು ಈಗಲೂ ಇದೆ, ಯಾವುದು ತಾನಾಗಿ ಸರಿಹೋಗಿದೆ ಎಂದು ಗುರುತಿಸಿ. ಹೊಸಬರ ಪ್ರಶ್ನೆಗೆ ಗೊತ್ತಿದ್ದಷ್ಟು ಉತ್ತರಿಸಿ. ಮೇಂಟೇನರ್ ತಲೆಯ ಮೇಲಿನ ಹೊರೆ ನಿಜವಾಗಿ ಇಳಿಯುವುದು ಇದರಿಂದ. ಮುಂದೆ ನಿಮ್ಮ ಕೋರಿಕೆ ಬಂದಾಗ ಆ ಹೆಸರು ಅವರಿಗೆ ಗುರುತು ಸಿಗುತ್ತದೆ.

ಹಂತ 6: ಎರಡು ಬಳಗಗಳ ನಡುವೆ ನಿಲ್ಲಿ

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ವಾದ ಮಂಡಿಸಿದರು: ಹೊಸ ಸುದ್ದಿ, ಹೊಸ ಅವಕಾಶ ನಮಗೆ ಹೆಚ್ಚಾಗಿ ತಲುಪುವುದು ಆಪ್ತರಿಂದಲ್ಲ, ಅಷ್ಟಿಷ್ಟು ಪರಿಚಯವಿರುವವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಬಳಗದಲ್ಲಿ ಓಡಾಡುತ್ತಾರೆ. ಓಪನ್ ಸೋರ್ಸ್‌ಗೆ ಇದು ಚೆನ್ನಾಗಿ ಒಪ್ಪುತ್ತದೆ.

ಮೇಲಿನ “ರ‍್ಯಾಂಕ್” ಉದಾಹರಣೆಯನ್ನೇ ತೆಗೆದುಕೊಳ್ಳಿ. ತಪ್ಪು ಲಿಬ್ರೆಆಫೀಸ್‌ನಂಥ ತಂತ್ರಾಂಶದಲ್ಲಿ ಇರಬಹುದು, ಫಾಂಟಿನಲ್ಲಿ ಇರಬಹುದು, ಇಲ್ಲವೇ ಇವೆರಡರ ನಡುವೆ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ಸಾಧನದಲ್ಲಿ ಇರಬಹುದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಬಳಸುವುದು ಅದೇ ಹಾರ್ಫ್‌ಬಜ್. ಮೂರಕ್ಕೂ ಬೇರೆ ಬೇರೆ ಬಳಗ. ತಂತ್ರಾಂಶದವರು ಫಾಂಟಿನವರತ್ತ, ಫಾಂಟಿನವರು ಜೋಡಿಸುವವರತ್ತ ಕೈತೋರಿಸಿ ವರ್ಷಗಟ್ಟಲೆ ದೋಷ ಹಾಗೆಯೇ ಉಳಿಯುತ್ತದೆ. ಯಾರೂ ಸೋಮಾರಿಗಳಲ್ಲ, ಪಕ್ಕದ ಬಳಗದಲ್ಲಿ ಯಾರನ್ನು ಕೇಳಬೇಕೆಂದು ಗೊತ್ತಿಲ್ಲ, ಅಷ್ಟೇ. ಅದೇ ಪದವನ್ನು ಎರಡು ಫಾಂಟುಗಳಲ್ಲಿ, ಎರಡು ತಂತ್ರಾಂಶಗಳಲ್ಲಿ ಪರೀಕ್ಷಿಸಿ, ದೋಷ ಯಾರ ಪಾಲಿನದೆಂದು ಖಚಿತಪಡಿಸಿಕೊಂಡು, ಒಂದು ಕಡೆಯ ವರದಿಯ ಕೊಂಡಿಯನ್ನು ಇನ್ನೊಂದು ಕಡೆ ಹಾಕುವ ಒಬ್ಬರು ಬಂದರೆ ಕೆಲಸ ಸಾಗುತ್ತದೆ. ಕನ್ನಡ ಬಲ್ಲ ನೀವು ಆ ಒಬ್ಬರಾಗಬಹುದು. ಇದಕ್ಕೆ ದೊಡ್ಡ ಪ್ರೋಗ್ರಾಮರ್ ಆಗಿರಬೇಕಿಲ್ಲ, ತಾಳ್ಮೆ ಇದ್ದರೆ ಸಾಕು.

ಹಂತ 7: ಊರಿನಲ್ಲಿ ಗುಂಪು, ಊರಾಚೆ ಭೇಟಿ

ಕಾಲೇಜಿನ ನಾಲ್ಕು ಮಂದಿ ಸೇರಿ ಗುಂಪು ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಚರ್ಚೆಯೆಲ್ಲ ವಾಟ್ಸ್‌ಆ್ಯಪ್ ಗುಂಪಿನೊಳಗೇ ಮುಗಿದುಹೋದರೆ ಯೋಜನೆಯವರಿಗೆ ನೀವು ಕಾಣುವುದೇ ಇಲ್ಲ. ಒಬ್ಬರ ಕೋರಿಕೆಗೆ ಇನ್ನೊಬ್ಬರು “ಚೆನ್ನಾಗಿದೆ” ಎಂದು ಬರೆದು ಮೆರುಗು ಕೊಡುವುದಂತೂ ಬೇಡವೇ ಬೇಡ, ಅನುಭವಿಗಳಿಗೆ ಅದು ನಿಮಿಷದಲ್ಲಿ ಗೊತ್ತಾಗುತ್ತದೆ. 2020ರ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಕೊಡುಗೆ ಅಭಿಯಾನವನ್ನು ನೆನಪಿಸಿಕೊಳ್ಳಿ. ಅಕ್ಟೋಬರ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳುಹಿಸಿದರೆ ಟೀ ಶರ್ಟ್ ಎಂದಿದ್ದಕ್ಕೆ ಅರ್ಥವಿಲ್ಲದ ತಿದ್ದುಪಡಿಗಳ ಪ್ರವಾಹವೇ ಹರಿಯಿತು. ಕೊನೆಗೆ ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ನಿಯಮ ಬದಲಿಸಬೇಕಾಯಿತು.

ಮುಖತಃ ಭೇಟಿಗೆ ಈಗಲೂ ತೂಕವಿದೆ. ಫಾಸ್ ಯುನೈಟೆಡ್ ಸಂಸ್ಥೆ ಬೆಂಗಳೂರಿನಲ್ಲಿ ಇಂಡಿಯಾಫಾಸ್ ಸಮ್ಮೇಳನ ನಡೆಸುತ್ತದೆ. ವರ್ಷಕ್ಕೊಮ್ಮೆ ಹೋಗಿಬಂದರೂ ಸಾಕು. ಪ್ರಯಾಣ ಸಾಧ್ಯವಿಲ್ಲದವರಿಗೆ ಮನೆಯಿಂದಲೇ ಮಾಡುವ, ಭತ್ಯೆ ಇರುವ ಎರಡು ಕಾರ್ಯಕ್ರಮಗಳಿವೆ: 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್ ಮತ್ತು ಈ ಕ್ಷೇತ್ರದಲ್ಲಿ ಅವಕಾಶ ಕಡಿಮೆ ಸಿಕ್ಕವರಿಗೆಂದೇ ಇರುವ ಔಟ್‌ರೀಚಿ. ಅರ್ಜಿ ಹಾಕುವ ಮೊದಲೇ ಆ ಯೋಜನೆಯಲ್ಲಿ ಕೆಲಸ ಮಾಡಿರುವುದು ಎರಡರಲ್ಲೂ ನೆರವಾಗುತ್ತದೆ.

ಹೆಣ್ಣುಮಕ್ಕಳು ಕೇಳುವ ಒಂದು ಪ್ರಶ್ನೆಗೂ ಇಲ್ಲಿ ಉತ್ತರಿಸಬೇಕು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಟ್ಟಾರೆ ಮಹಿಳೆಯರ ಕೋಡ್ ಪುರುಷರದ್ದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಸ್ವೀಕೃತವಾಗುತ್ತದೆ. ಆದರೆ ಹೊಸಬರಾಗಿದ್ದು, ಹೆಣ್ಣೆಂದು ಹೆಸರು ಅಥವಾ ಚಿತ್ರದಿಂದ ಗೊತ್ತಾದಾಗ ಆ ಪ್ರಮಾಣ ಇಳಿಯುತ್ತದೆ. ಲಿಂಗ ತಿಳಿಯದಂಥ ಅಡ್ಡಹೆಸರು ಇಟ್ಟುಕೊಳ್ಳುವುದು ನಿಮ್ಮ ಹಕ್ಕು, ಹಾಗೆ ಮಾಡಬೇಕಾಗಿ ಬರುವುದು ಬಳಗದ ದೋಷ. ನಡತೆಯ ನಿಯಮಾವಳಿ ಇರುವ, ಅದನ್ನು ಜಾರಿಮಾಡಿದ ದಾಖಲೆಯೂ ಇರುವ ಯೋಜನೆಯನ್ನು ಮೊದಲು ನೋಡಿ.

ಹಂತ 8: ನಂಬಿಕೆ ಕೊಡುವಾಗಲೂ ಎಚ್ಚರ

ಕೆಲಸ ಮಾಡುತ್ತ ಹೋದಂತೆ ನಿಮಗೂ ಅಧಿಕಾರ ಬರುತ್ತದೆ. ಆಗ 2024ರ ಎಕ್ಸ್‌ಜೆಡ್ ಪ್ರಕರಣವನ್ನು ಒಮ್ಮೆ ಓದಿ. ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಬಳಕೆಯಲ್ಲಿರುವ ಈ ಸಾಧನವನ್ನು (ಕಡತಗಳ ಗಾತ್ರ ಕುಗ್ಗಿಸುವಂಥದ್ದು) ಒಬ್ಬರೇ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. ಜಿಯಾ ತಾನ್ ಎಂಬ ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಯುಕ್ತ ತಿದ್ದುಪಡಿಗಳನ್ನು ಕಳುಹಿಸಿ ನಂಬಿಕೆ ಗಳಿಸಿತು. ನಡುವೆ ಬೇರೆ ಹೆಸರುಗಳು ಬಂದು “ಕೆಲಸ ನಿಧಾನ, ಇನ್ನೊಬ್ಬರಿಗೆ ಅಧಿಕಾರ ಕೊಡಿ” ಎಂದು ಒತ್ತಡ ಹೇರಿದವು. ಅಧಿಕಾರ ಸಿಕ್ಕ ಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತ ಹಿಂಬಾಗಿಲು ಸೇರಿತು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಆ ಮಾರ್ಚ್ ಕೊನೆಯಲ್ಲಿ ಅದು ಬಯಲಾಯಿತು.

ಇಲ್ಲಿಯವರೆಗೆ ನಾನು ವಿವರಿಸಿದ ದಾರಿಯನ್ನೇ ಆ ಖಾತೆಯೂ ಹಿಡಿದಿತ್ತು ಎಂಬುದನ್ನು ಗಮನಿಸಿದಿರಾ? ಸಣ್ಣ ಕೊಡುಗೆ, ಸೌಮ್ಯ ಮಾತು, ನಿರಂತರ ಹಾಜರಿ. ಹಾಗಾಗಿ ಹಳಬರು ನಿಮ್ಮ ವಿಷಯದಲ್ಲಿ ತುಸು ಬಿಗಿಯಾಗಿದ್ದರೆ ಬೇಸರಿಸಬೇಡಿ. ನಿಮ್ಮ ಕೈಗೆ ಕೀಲಿ ಬಂದಾಗ ಎರಡು ನಿಯಮ ಇಟ್ಟುಕೊಳ್ಳಿ. ಯಾರದೇ ತಿದ್ದುಪಡಿಯಾಗಲಿ, ನಿಮ್ಮದೇ ಆಗಲಿ, ಇನ್ನೊಬ್ಬರು ಓದದೆ ಒಳಗೆ ಬಿಡಬೇಡಿ. ಬೇಗ ಮಾಡಿ ಎಂದು ಪರಿಚಯವಿಲ್ಲದ ಹೆಸರುಗಳು ಸಾಲಾಗಿ ಬಂದು ಒತ್ತಾಯಿಸಿದರೆ ಅಂದು ಏನನ್ನೂ ಒಪ್ಪಬೇಡಿ, ಬಳಗದವರಿಗೆ ತಿಳಿಸಿ.

ಹಂತ 9: ಬಿಡುವುದಾದರೆ ಹೇಳಿ ಬಿಡಿ

ಕೆಲಸ ಬದಲಾಗುತ್ತದೆ, ಕಾಫಿ ಕೊಯ್ಲು ಬರುತ್ತದೆ, ಆಸಕ್ತಿಯೂ ತಣಿಯುತ್ತದೆ. ಆಗ ಮಾಯವಾಗಬೇಡಿ. ಅರ್ಧಕ್ಕೆ ನಿಂತ ಕೋರಿಕೆಯಲ್ಲಿ “ಮುಂದುವರಿಸಲು ಆಗುತ್ತಿಲ್ಲ, ಯಾರಾದರೂ ತೆಗೆದುಕೊಳ್ಳಬಹುದು” ಎಂದು ಬರೆದು, ಎಲ್ಲಿಯವರೆಗೆ ಬಂದಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ. ಹೊಣೆಗಾರರ ಕಡತದಲ್ಲಿ ನಿಮ್ಮ ಹೆಸರಿದ್ದರೆ ತೆಗೆಸಿ, ನಿಮ್ಮಲ್ಲಿರುವ ಪಾಸ್‌ವರ್ಡ್, ಕೀಲಿಗಳ ಅಧಿಕಾರವನ್ನು ಉಳಿದವರಿಗೆ ವಹಿಸಿ ಹಳೆಯವನ್ನು ರದ್ದುಮಾಡಿಸಿ. ಇದಕ್ಕೆ ಅರ್ಧ ಗಂಟೆ ಸಾಕು. ಮತ್ತೆ ಬಿಡುವಾಗಿ ಮರಳಿದರೆ ಹಂತ 5ರಿಂದ ಶುರುಮಾಡಬಹುದು, ಮೊದಲಿನಿಂದ ಬೇಕಿಲ್ಲ.